ಕುತ್ತಿಗೆಗೆ ಕೈಯಿಡುವ ಮುನ್ನ

ಆದೋನಿಯ ಹತ್ತಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಒಂದು ಎಣ್ಣೆ ಅಂಗಡಿಯ ಮೇಲಿರುವ ಎರಡು ಕೋಣೆಗಳಲ್ಲಿ ನಾನು ಇಪ್ಪತ್ತು ವರ್ಷಗಳಿಂದ ಜನರ ಬೆನ್ನು, ಸೊಂಟ, ಭುಜ, ಕುತ್ತಿಗೆ ನೋಡುತ್ತ ಬಂದಿದ್ದೇನೆ. ಬೆನ್ನುನೋವಿನವರು ಹದಿನಾಲ್ಕು ಮೆಟ್ಟಿಲು ಹತ್ತಿ ಬರಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಕೆಳಗೆ ಕೋಣೆ ಸಿಗಲಿಲ್ಲ, ಅಷ್ಟೇ. ಓದಿದ್ದು ಫಿಸಿಯೋಥೆರಪಿ. ಆಮೇಲೆ ಆಸ್ಟಿಯೋಪತಿ ಎಂಬ ಕೈಚಿಕಿತ್ಸೆ ಕಲಿತೆ. ಔಷಧಿಯಿಲ್ಲ, ಯಂತ್ರವಿಲ್ಲ, ಕೀಲು ಎಲ್ಲಿ ಬಿಗಿದಿದೆ, ಸ್ನಾಯು ಎಲ್ಲಿ ಹಿಡಿದಿದೆ ಎಂದು ಬೆರಳಿನಿಂದಲೇ ನೋಡಿ, ಕೈಯಿಂದಲೇ ಸಡಿಲಿಸುವ ವಿದ್ಯೆ. ಊರಿನವರ ಬಾಯಲ್ಲಿ ನಾನು ಮೊದಲಿನಿಂದಲೂ ‘ನರ ಬಿಡಿಸೋ ಅಮ್ಮ’.

ನಮಗೊಂದು ಸಂಘವಿದೆ. ಅದರ ಸದಸ್ಯತ್ವ ಸುಲಭಕ್ಕೆ ಸಿಗುವುದಿಲ್ಲ. ಪದವಿ ಆದಮೇಲೆ ಕಂತು ಕಂತಾಗಿ ಕೆಲವು ವರ್ಷ ತರಗತಿ, ನಂತರ ಹಿರಿಯ ಸದಸ್ಯರೊಬ್ಬರ ಕಣ್ಣೆದುರು ನೂರಾರು ಗಂಟೆ ರೋಗಿಗಳನ್ನು ನೋಡಬೇಕು, ಪ್ರತಿ ರೋಗಿಯ ವಿವರ ಬರೆಯಬೇಕು, ಆ ಹಿರಿಯರು ಪ್ರತಿ ಹಾಳೆಗೂ ಸಹಿ ಹಾಕಬೇಕು. ಕೊನೆಗೆ ಪರೀಕ್ಷೆ. ಸದಸ್ಯರಾದ ಮೇಲೂ ಬಿಡುಗಡೆಯಿಲ್ಲ. ವರ್ಷಕ್ಕೆ ಇಷ್ಟು ಅಂತ ಮತ್ತೆ ಕಲಿಯುತ್ತಿರಬೇಕು, ಬೋರ್ಡಿನ ಮೇಲೆ ಡಾಕ್ಟರ್ ಎಂದು ಬರೆಸಬಾರದು, ತಪ್ಪಾದರೆ ತಾನೇ ಬರೆದು ತಿಳಿಸಬೇಕು. ಈ ಕೊನೆಯ ನಿಯಮವನ್ನು ನಾನು ಎಷ್ಟೋ ಸಲ ಓದಿದ್ದೆ. ಅದು ಬೇರೆಯವರಿಗಾಗಿ ಇದೆ ಎಂದುಕೊಂಡಿದ್ದೆ.

ಕೆಲವು ವರ್ಷಗಳ ಹಿಂದೆ ಸಂಘದವರು ಫೋನ್ ಮಾಡಿ, ನಿಮ್ಮ ಕಡೆಯ ಹೆಣ್ಣುಮಗಳೊಬ್ಬಳಿದ್ದಾಳೆ, ಅವಳ ಗಂಟೆಗಳಿಗೆ ನೀವು ಮೇಲ್ವಿಚಾರಕಿ ಆಗುತ್ತೀರಾ ಎಂದು ಕೇಳಿದರು. ಆಗಲೇ ನನ್ನ ಎರಡೂ ಹೆಬ್ಬೆರಳುಗಳ ಬುಡ ಸವೆದು ನೋಯುತ್ತಿದ್ದವು. ಬೆಳಿಗ್ಗೆ ಹಲ್ಲುಜ್ಜುವ ಪೇಸ್ಟಿನ ಮುಚ್ಚಳ ತೆಗೆಯಲೂ ಗಂಡನನ್ನು ಕರೆಯುತ್ತಿದ್ದೆ. ಇನ್ನೊಂದು ಜೊತೆ ಕೈ ಬಂದರೆ ನನ್ನ ಕೈಗೆ ಬಿಡುವು ಸಿಗುತ್ತದೆ ಎಂಬ ಲೆಕ್ಕದಲ್ಲೇ ಒಪ್ಪಿಕೊಂಡೆ. ಕಲಿಸುವ ಆಸೆ ಅದರಲ್ಲಿ ಎಷ್ಟಿತ್ತೋ ಹೇಳಲಾರೆ.

ಅವಳು ಹಾಲಹರವಿ ಕಡೆಯ ಒಂದು ಹಳ್ಳಿಯವಳು. ಮೂವತ್ತಾರರ ವಯಸ್ಸು. ಕುರಿ ಸಾಕುವ ಮನೆತನ. ಎರಡು ಮಕ್ಕಳಾದ ಮೇಲೆ ಹಟ ಹಿಡಿದು ಫಿಸಿಯೋಥೆರಪಿ ಓದಿ ಮುಗಿಸಿದವಳು. ಅವಳ ಅತ್ತೆ ಸುತ್ತಲಿನ ಹಳ್ಳಿಗಳಿಗೆಲ್ಲ ಬೇಕಾದವರು. ಕುರಿಯ ಕಾಲು ಮುರಿದರೂ ಮನುಷ್ಯರ ಕೈ ಉಳುಕಿದರೂ ಜನ ಅವರ ಮನೆಗೇ ಬರುತ್ತಿದ್ದರು. ಅವಳು ವಾರಕ್ಕೆ ಮೂರು ದಿನ ಬಸ್ಸು ಹಿಡಿದು ನನ್ನಲ್ಲಿಗೆ ಬರತೊಡಗಿದಳು. ಮೊದಲ ದಿನವೇ ಸಂಘದ ಫಾರ್ಮನ್ನು ತಿರುವಿ ಕೇಳಿದಳು:

“ಅತ್ತಿ ಜೋಡಿ ಹತ್ತು ವರ್ಷ ಈ ಕೆಲಸ ಮಾಡೀನ್ರಿ ಮೇಡಂ. ಅದು ಇದರಾಗ ಹಿಡಿಯಂಗಿಲ್ಲೇನ್ರಿ?”

“ಇಲ್ಲವ್ವ. ಬರದಿಟ್ಟಿಲ್ಲ, ಯಾರೂ ಸಹಿ ಮಾಡಿಲ್ಲ.”

“ನಮ್ಮತ್ತಿಗ ಹೆಬ್ಬೆಟ್ಟು ಒತ್ತೋದಷ್ಟ ಬರತೈತ್ರಿ,” ಎಂದು ನಕ್ಕಳು. ಮತ್ತೆ ಆ ಮಾತು ಎತ್ತಲಿಲ್ಲ.

ಅವಳ ಕೈ ಚೆನ್ನಾಗಿತ್ತು. ಮೈ ಮುಟ್ಟಿದರೆ ರೋಗಿಯ ಉಸಿರು ತಾನಾಗಿ ನಿಧಾನವಾಗುತ್ತಿತ್ತು. ಆದರೆ ಬಹಳ ಪ್ರಶ್ನೆ ಕೇಳುತ್ತಿದ್ದಳು. ತರಗತಿಯಲ್ಲಿ ಕಲಿಸಿದ ಪಟ್ಟಿಯನ್ನು ಒಂದೂ ಬಿಡದೆ ಕೇಳುವಳು: ಬಿದ್ದಿದ್ದಿರಾ, ಜ್ವರ ಬರುತ್ತದೆಯೇ, ತೂಕ ಇಳಿದಿದೆಯೇ, ರಾತ್ರಿ ನೋವಿಗೆ ಎಚ್ಚರವಾಗುತ್ತದೆಯೇ, ಕೈಕಾಲು ಜುಮುಗುಡುತ್ತವೆಯೇ, ನಡೆಯುವಾಗ ತೂರಾಡುತ್ತೀರಾ. ಹೊರಗೆ ಬೆಂಚಿನ ಮೇಲೆ ಜಿನ್ನಿಂಗ್ ಮಿಲ್ಲಿನ ಹೆಂಗಸರು, ಹತ್ತಿ ಅಂಡಿಗೆ ಹೊರುವ ಹಮಾಲಿಗಳು ಕಾದು ಕೂತಿರುತ್ತಿದ್ದರು. “ಜಲ್ದಿ ಮುಗಿಸವ್ವ,” ಎನ್ನುತ್ತಿದ್ದೆ. ಅವಳು ತಲೆಯಾಡಿಸಿ ಮುಂದಿನ ಪ್ರಶ್ನೆ ಕೇಳುತ್ತಿದ್ದಳು. ಅವಳ ಹಾಳೆಗಳಿಗೆ ನಾನು ಆಯಾ ದಿನ ಸಹಿ ಹಾಕಬೇಕಿತ್ತು. ಶನಿವಾರ ಒಟ್ಟಿಗೆ ಕೂತು ವಾರದ್ದೆಲ್ಲ ಒಂದೇ ಉಸಿರಿಗೆ ಹಾಕುತ್ತಿದ್ದೆ, ಎಷ್ಟೋ ಹಾಳೆಗಳನ್ನು ಓದದೆಯೇ.

ಆ ದಿನ ಬೇಸಿಗೆಯ ನಡು. ಮಧ್ಯಾಹ್ನ ಕರೆಂಟು ಹೋಗಿ ಒಂದು ತಾಸಾಗಿತ್ತು. ಆಗ ಬಂದದ್ದು ನನ್ನ ಹನ್ನೊಂದನೆಯ ರೋಗಿ. ಪತ್ತಿಕೊಂಡದಿಂದ ಮಗ ಕರೆತಂದಿದ್ದ, ಐವತ್ತೆಂಟು ಅರವತ್ತರ ಹೆಂಗಸು, ವ್ಯಾಪಾರಸ್ಥರ ಮನೆಯವರು, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ. ಮೆಟ್ಟಿಲು ಹತ್ತಲು ಬಹಳ ಹೊತ್ತು ತೆಗೆದುಕೊಂಡರು, ಗೋಡೆ ಹಿಡಿದು. ಅದನ್ನು ನಾನು ನೋಡಿದೆ. ನೋಡಿ, ಸೆಕೆಗೆ ದಣಿದಿದ್ದಾರೆ ಎಂದುಕೊಂಡೆ.

“ಮೆಡ ತಿರಗಡಂ ಲೇದಮ್ಮಾ,” ಎಂದು ತೆಲುಗಿನಲ್ಲಿ ಶುರುಮಾಡಿ, ನನ್ನ ಮಾತು ಕೇಳಿ ಕನ್ನಡಕ್ಕೆ ಹೊರಳಿದರು. “ಕುತ್ತಿಗಿ ಹಿಡದಂಗ ಆಗೇತಿ. ಎರಡು ತಿಂಗಳಾತು. ನಮ್ಮ ಬೀಗರಿಗೆ ನೀವು ಒಂದ ಸಲಕ್ಕ ಲಟಕ್ ಅನಿಸಿ ಬಿಡಿಸಿದಿರಂತಲ್ಲ, ಹಂಗ ಮಾಡಿಬಿಡ್ರಿ.”

ಅವರನ್ನು ಟೇಬಲ್ಲಿನ ಮೇಲೆ ಮಲಗಿಸಿ ತಲೆಯನ್ನು ಎರಡು ಕೈಯಲ್ಲಿ ತೆಗೆದುಕೊಂಡೆ. ಕುತ್ತಿಗೆಯನ್ನು ಒಂದು ಬದಿಗೆ ತಿರುಗಿಸಿ, ಬಿಗಿಯ ಕೊನೆಗೆ ತಂದು, ಚಿಕ್ಕದೊಂದು ಝಟಕಿ ಕೊಡುವ ಕ್ರಮ ಅದು. ಸಾವಿರ ಸಲ ಮಾಡಿದ್ದೆ. ನನ್ನ ಪ್ರಶ್ನೆಗಳು ಯಾವಾಗಲೋ ಉದುರಿಹೋಗಿದ್ದವು. ಎಷ್ಟು ದಿನವಾಯಿತು, ಯಾವ ಕಡೆ ನೋವು, ಅಷ್ಟೇ ಉಳಿದಿದ್ದವು. ಬಿಗಿಯ ಕೊನೆ ಬೆರಳಿಗೆ ಸಿಕ್ಕಿತ್ತು. ಆಗ ಪಕ್ಕದಲ್ಲಿ ನಿಂತು ಕಲಿಯುತ್ತಿದ್ದ ಅವಳು ನನ್ನ ಮೊಣಕೈ ಮುಟ್ಟಿದಳು.

“ಮೇಡಂ, ಒಂದ ನಿಮಿಷ. ನಾ ಅವರನ್ನ ಏನರ ಕೇಳ್ಲೇನ್ರಿ?”

ಸಿಟ್ಟು ಬಂತು. ರೋಗಿಯ ಎದುರು ನನ್ನ ಕೈ ತಡೆಯುತ್ತಾಳೆ ಅನ್ನಿಸಿತು. ಆದರೂ ತಲೆಯನ್ನು ಮೆಲ್ಲಗೆ ನೇರ ಮಾಡಿ ದಿಂಬಿನ ಮೇಲಿಟ್ಟೆ. ಅವಳು ಬಗ್ಗಿ ಆ ತಾಯಿಯನ್ನು ಕೇಳಿದಳು:

“ಅಮ್ಮಾರ, ಜಂಪರಿನ ಹುಕ್ಕು ನೀವ ಹಾಕ್ಕೊಂತೀರೇನ್ರಿ?”

ಅವರಿಗೆ ನಾಚಿಕೆಯಾಯಿತು. ಮಗ ಹೊರಗಿದ್ದಾನೆಂದು ಖಾತ್ರಿ ಮಾಡಿಕೊಂಡು ಹೇಳಿದರು: “ಇಲ್ಲವ್ವ, ಈಗ ಸೊಸಿ ಹಾಕ್ತಾಳ. ಕೈ ಬಟ್ಟು ಹಿಡಿತಕ್ಕ ಬರವಲ್ವು. ಚಹಾದ ಲೋಟ ಎರಡು ಸಲ ಕೈಯಿಂದ ಬಿಟ್ಟೀನಿ.”

“ನಡಿಯಾಗ?”

“ಹತ್ತಿ ಮ್ಯಾಲ ನಡದಂಗ ಆಕ್ಕೈತಿ. ವಯಸ್ಸಾತಲ್ಲ.”

ಅವಳು ನನ್ನನ್ನು ನೋಡಿದಳು. ರಬ್ಬರಿನ ಸುತ್ತಿಗೆ ತೆಗೆದುಕೊಂಡು ಮೊಣಕಾಲಿಗೆ ಮೆಲ್ಲಗೆ ತಟ್ಟಿದಳು. ಕಾಲು ಒದ್ದಂತೆ ಮೇಲೆ ಹಾರಿತು. ಇನ್ನೊಂದು ಕಾಲೂ ಹಾಗೆಯೇ. ಕುತ್ತಿಗೆಯೊಳಗೆ ಬೆನ್ನುಹುರಿಯೇ ಒತ್ತಿಕೊಂಡಿದೆ ಎಂಬುದರ ಗುರುತು ಅದು. ಅಂಥ ಕುತ್ತಿಗೆಗೆ ಝಟಕಿ ಕೊಟ್ಟರೆ ಆ ತಾಯಿ ಟೇಬಲ್ಲಿನಿಂದ ಎದ್ದು ನಡೆಯದೇ ಹೋಗಬಹುದಿತ್ತು. ಕುತ್ತಿಗೆ ಅಲುಗಾಡದಂತೆ ಪಟ್ಟಿ ಕಟ್ಟಿ, ಮಗನನ್ನು ಕರೆದು, ಒಂದು ಚೀಟಿ ಬರೆದುಕೊಟ್ಟು, ಇವತ್ತೇ ಕರ್ನೂಲಿನ ದೊಡ್ಡ ಆಸ್ಪತ್ರೆಗೆ ಹೋಗಿರಿ, ನಾಳೆ ಅನ್ನಬೇಡಿರಿ ಎಂದೆ. ಹೋದರು. ಉಳಿದ ರೋಗಿಗಳಿಗೆ ಇವತ್ತು ಆಗುವುದಿಲ್ಲ ಎಂದು ಹೇಳಿ ಕಳಿಸಿದೆ.

ಅವಳ ಅಂದಿನ ಹಾಳೆಯಲ್ಲಿ ‘ರೋಗಿಯನ್ನು ಪರೀಕ್ಷಿಸಿ ದೊಡ್ಡ ಆಸ್ಪತ್ರೆಗೆ ಕಳಿಸಲಾಯಿತು’ ಎಂದು ಬರೆಸಿದೆ. ಸುಳ್ಳೇನೂ ಅಲ್ಲ. ಯಾರು ಪರೀಕ್ಷಿಸಿದರು, ಯಾರು ಪರೀಕ್ಷಿಸಲಿಲ್ಲ ಎಂಬುದು ಅದರಲ್ಲಿ ಇರಲಿಲ್ಲ. ಸಹಿ ಹಾಕಿದೆ.

ತಿಂಗಳು ಕಳೆದ ಮೇಲೆ ಆ ಮಗ ಬಂದ. ಕೈಯಲ್ಲಿ ದಾಳಿಂಬೆಯ ಚೀಲ. ಆಪರೇಷನ್ ಆಗಿತ್ತು, ತಾಯಿ ಮನೆಯೊಳಗೆ ಕೋಲು ಹಿಡಿದು ಓಡಾಡುತ್ತಿದ್ದರು.

“ಎಲ್ಲಾ ನಿಮ್ಮ ಪುಣ್ಯ ಮೇಡಂ. ಅಲ್ಲಿ ಡಾಕ್ಟರು ಕೇಳಿದರು, ಯಾರು ಕಳಿಸಿದ್ದು ಅಂತ. ಬ್ಯಾರೆಯವರಾಗಿದ್ರ ಕುತ್ತಿಗಿ ತಿರುವಿ ಹಾಳ ಮಾಡತಿದ್ರು ಅಂದರು. ನೀವು ಮುಟ್ಟಿದ ಕೂಡ್ಲೆ ಗುರ್ತಾ ಹಿಡದಿರಿ.” ನನ್ನ ಕಾಲಿಗೆ ಬಗ್ಗಿದ.

ಅವಳು ಅಲ್ಲೇ ಮೂಲೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಗುರ್ತಾ ಹಿಡದಾಕಿ ನಾನಲ್ಲಪ್ಪ, ಆಕಿ,” ಎಂದೆ. “ನಾನು ತಿರುವಾಕ ಹೊಂಟಿದ್ದೆ.”

ಅವನು ನಕ್ಕುಬಿಟ್ಟ. ದೊಡ್ಡವರು ವಿನಯಕ್ಕೆ ಹಾಗೆ ಹೇಳುತ್ತಾರೆ ಎಂದುಕೊಂಡ. ದಾಳಿಂಬೆ ಇಟ್ಟು ಹೋದ. ಆ ನಗು ನನಗೆ ಬೈಗುಳಕ್ಕಿಂತ ಹೆಚ್ಚು ತಾಗಿತು. ನಿಜ ಹೇಳಿದರೂ ಯಾರೂ ನಂಬದಷ್ಟು ಹೆಸರು ಇಟ್ಟುಕೊಂಡು ನಾನು ಯಾರ ಕುತ್ತಿಗೆಗೆ ಬೇಕಾದರೂ ಕೈ ಹಾಕಬಹುದಾಗಿತ್ತು.

ಅವನು ಹೋದ ಮೇಲೆ ಅವಳಿಗೆ ಹೇಳಿದೆ, ಸಂಘಕ್ಕೆ ಇದನ್ನೆಲ್ಲ ಬರೆಯುತ್ತೇನೆ ಎಂದು. ಅವಳ ಮುಖ ಕಪ್ಪಿಟ್ಟಿತು.

“ಬರೀಬ್ಯಾಡ್ರಿ ಮೇಡಂ. ಆ ತಾಯಿಗೆ ಏನೂ ಆಗಿಲ್ಲಲ್ಲ.”

“ಆಗತಿತ್ತು.”

“ನೀವು ಬರದ್ರ ನನ್ನ ಗಂಟೆ ಏನಾಕ್ಕಾವ್ರಿ? ನಿಮ್ಮ ಸಹಿನ ನಂಬಲ್ಲ ಅಂದ್ರ ಎರಡು ವರ್ಷದ್ದು ಎಲ್ಲಾ ಹೋಗತೈತಿ. ಮಕ್ಕಳನ್ನ ಅತ್ತಿ ಕಡೆ ಬಿಟ್ಟು ಬಂದೀನಿ. ನಾ ಏನ್ ತಪ್ಪು ಮಾಡೀನ್ರಿ?”

ಅವಳು ಹೇಳಿದ್ದು ನ್ಯಾಯವೇ. ಒಂದು ವಾರ ಬರೆಯಲಿಲ್ಲ. ಆ ವಾರ ಯಾರ ಕುತ್ತಿಗೆಗೂ ಕೈ ಹಚ್ಚಲಿಲ್ಲ; ಕಾವು ಕೊಟ್ಟು, ವ್ಯಾಯಾಮ ಹೇಳಿಕೊಟ್ಟು ಕಳಿಸಿದೆ. ಜನ ಗೊಣಗಿದರು. ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ಕೂತು ಬರೆದೆ. ಕೇಳಬೇಕಾದ್ದನ್ನು ಕೇಳದೆ ಕೈ ಹಾಕಿದ್ದು, ವಾರದ ಹಾಳೆಗಳಿಗೆ ಒಟ್ಟಿಗೆ ಸಹಿ ಹಾಕಿದ್ದು, ಆ ದಿನದ ಹಾಳೆಯನ್ನು ಜಾಣತನದಿಂದ ಬರೆಸಿದ್ದು, ಎಲ್ಲವನ್ನೂ. ಅವಳ ಕೆಲಸದಲ್ಲಿ ಒಂದೂ ಕೊರತೆ ಇಲ್ಲ, ಆ ತಾಯಿ ಇಂದು ನಡೆಯುತ್ತಿರುವುದು ಅವಳಿಂದಲೇ, ನನ್ನ ತಪ್ಪಿನ ಭಾರ ಅವಳ ಮೇಲೆ ಹಾಕಬೇಡಿ ಎಂದು ಎರಡು ಪುಟ ಬೇರೆ ಬರೆದೆ.

ಸಂಘದವರು ವಿಡಿಯೋ ಕರೆಯಲ್ಲಿ ಮೂವರು ಕೂತು ನನ್ನನ್ನು ಕೇಳಿದರು. ಕೆಟ್ಟದಾಗಿ ಮಾತಾಡಲಿಲ್ಲ. ಅವರಲ್ಲೊಬ್ಬರು, ದಿನಕ್ಕೆ ಎಷ್ಟು ರೋಗಿಗಳನ್ನು ನೋಡುತ್ತೀರಿ ಎಂದರು. ಹೇಳಿದೆ. ಮೂವರೂ ಅದನ್ನು ಬರೆದುಕೊಂಡರು. ನನ್ನ ಮೇಲ್ವಿಚಾರಕಿ ಸ್ಥಾನ ಹೋಯಿತು. ಸದಸ್ಯತ್ವ ಉಳಿಯಬೇಕಾದರೆ ರೋಗಿಯನ್ನು ಪರೀಕ್ಷಿಸುವ ಪಾಠವನ್ನು ಮೊದಲಿನಿಂದ ಕಲಿತು ಮತ್ತೆ ಪರೀಕ್ಷೆ ಕೊಡಬೇಕು. ಅವಳ ಹಾಳೆಗಳನ್ನೆಲ್ಲ ತರಿಸಿಕೊಂಡು ಒಂದೊಂದಾಗಿ ಓದಿದರು. ಹೆಚ್ಚಿನವನ್ನು ಒಪ್ಪಿದರು, ಆ ದಿನದ ಹಾಳೆಯಿದ್ದ ಕಡೆಯ ನಾಲ್ಕು ತಿಂಗಳಿನದನ್ನು ಬಿಟ್ಟು. ಅಷ್ಟನ್ನು ಬಳ್ಳಾರಿಯಲ್ಲಿ ಇನ್ನೊಬ್ಬ ಸದಸ್ಯರ ಬಳಿ ಮತ್ತೆ ಮಾಡಬೇಕೆಂದರು.

ಕೊನೆಯ ದಿನ ಅವಳು ತನ್ನ ಬಿಳಿ ಕೋಟು ಮಡಿಸಿ ಚೀಲಕ್ಕೆ ಹಾಕಿಕೊಂಡಳು. “ಹೋಗಿಬರತೀನ್ರಿ,” ಎಂದಳು. ಮೇಡಂ ಅನ್ನಲಿಲ್ಲ. ಮೆಟ್ಟಿಲು ಇಳಿಯುವ ಸಪ್ಪಳ ಕೇಳುತ್ತ ಕೂತಿದ್ದೆ.

ಹೈದರಾಬಾದಿನ ತರಗತಿಗೆ ನಾನು ಆರು ಸಲ ಹೋಗಿಬಂದೆ. ಬೆಳಗಿನ ಜಾವದ ರೈಲು, ದಿನವಿಡೀ ಕಬ್ಬಿಣದ ಕುರ್ಚಿ, ಸುತ್ತ ನನ್ನ ಅರ್ಧ ವಯಸ್ಸಿನವರು. ಕಲಿಸುವಾಕೆಗೂ ನನಗಿಂತ ಹದಿನೈದು ವರ್ಷ ಕಡಿಮೆ. ಒಬ್ಬರು ರೋಗಿಯಂತೆ ಕೂರಬೇಕು, ಇನ್ನೊಬ್ಬರು ಕೇಳಬೇಕು. ಮೊದಲ ಸಲ ನನ್ನ ಸರದಿ ಬಂದಾಗ ಎರಡು ಪ್ರಶ್ನೆ ಕೇಳಿ ಕೈ ತಾನಾಗಿ ಎದುರಿನವನ ಭುಜದ ಕಡೆ ಹೋಯಿತು. “ಈಗಲೇ ಬೇಡ,” ಎಂದಳು ಆಕೆ, ಮೃದುವಾಗಿಯೇ. ಇಪ್ಪತ್ತು ವರ್ಷದಲ್ಲಿ ಬಂದ ಚಾಳಿ ಬಿಡುವುದರಲ್ಲಿ ಬಹಳ ದಣಿದೆ. ಪರೀಕ್ಷೆಯಲ್ಲಿ ಪಾಸಾದೆ. ಸಂತೋಷವೇನೂ ಆಗಲಿಲ್ಲ. ಸ್ಟೇಷನ್ನಿನಲ್ಲಿ ಒಂದು ಇಡ್ಲಿ ತಿಂದು, ರೈಲಿನಲ್ಲಿ ಆದೋನಿ ಬರುವವರೆಗೆ ನಿದ್ದೆ ಮಾಡಿದೆ.

ಅವಳು ನನಗಿಂತ ಮೊದಲೇ ಪಾಸಾಗಿದ್ದಳು. ನನಗೆ ತಿಳಿದದ್ದು ಸಂಘದ ಪಟ್ಟಿ ನೋಡಿ. ಫೋನ್ ಮಾಡಲೋ ಬೇಡವೋ ಎಂದು ಕೆಲವು ದಿನ ತಡೆದು ಕೊನೆಗೆ ಮಾಡಿದೆ.

“ನಿಮ್ಮ ಮ್ಯಾಲ ಭಾಳ ಸಿಟ್ಟಿತ್ರಿ ನನಗ,” ಎಂದಳು.

“ಗೊತ್ತು.”

“ಈಗೂ ಸ್ವಲ್ಪ ಐತ್ರಿ. ಬಳ್ಳಾರಿ ಬಸ್ಸಿನ್ಯಾಗ ನಿಂತಗೊಂಡ ಹೋಗಾಗೆಲ್ಲ ನಿಮ್ಮನ್ನ ಬೈಕೊಂಡೀನಿ.” ಆಮೇಲೆ ದನಿ ಬದಲಿಸಿ, ಊರಿನಲ್ಲೇ ಮನೆಯ ಮುಂದಿನ ಕೋಣೆಯಲ್ಲಿ ಟೇಬಲ್ಲು ಹಾಕಿದ್ದನ್ನು ಹೇಳಿದಳು. ಅತ್ತೆ ಈಗಲೂ ಉಳುಕು ನೋಡುತ್ತಾರಂತೆ. “ಬಿದ್ದಿದ್ರೇನು, ಜ್ವರ ಐತೇನು ಅಂತ ಆಕಿನೂ ಕೇಳಾಕ ಹತ್ಯಾಳ್ರಿ. ಬೈಕೋತ ಕೇಳ್ತಾಳ, ಆದ್ರ ಕೇಳ್ತಾಳ.”

ನಾನು ಈಗ ದಿನಕ್ಕೆ ಆರೇ ಜನರನ್ನು ನೋಡುತ್ತೇನೆ. ಏಳನೆಯವರಿಗೆ ನಾಳೆ ಬನ್ನಿ ಎನ್ನುವುದು ಇನ್ನೂ ರೂಢಿಯಾಗಿಲ್ಲ. ಈಯಮ್ಮಗ ಸೊಕ್ಕು ಬಂದೈತಿ ಎಂದು ಬೆಂಚಿನ ಮೇಲೆ ಯಾರೋ ಹೇಳಿದ್ದು ಕಿವಿಗೆ ಬಿತ್ತು. ಕಳೆದ ವಾರ ಸಂಘದಿಂದ ಪತ್ರ ಬಂದಿದೆ, ಮತ್ತೆ ಮೇಲ್ವಿಚಾರಕಿ ಆಗುವಿರಾ ಎಂದು. ನಂದವರಂ ಕಡೆಯವರೊಬ್ಬರು ಕಲಿಯಲು ಕಾಯುತ್ತಿದ್ದಾರಂತೆ. ಇನ್ನೂ ಉತ್ತರ ಬರೆದಿಲ್ಲ. ಒಪ್ಪಿದರೆ ಪ್ರತಿ ಹಾಳೆಯನ್ನೂ ಆಯಾ ದಿನವೇ ಕೂತು ಓದಬೇಕು. ಅದಕ್ಕೆ ಬೇಕಾದ ತ್ರಾಣ ನನ್ನಲ್ಲಿ ಉಳಿದಿದೆಯೇ ಎಂದು ನೋಡಿಕೊಳ್ಳುತ್ತಿದ್ದೇನೆ.