ಮುರುಗೇಶನ ಬಿಡುಗಡೆ ಚೀಟಿ

ಹೋದ ಸೋಮವಾರ ನನ್ನ ವರ್ಕ್‌ಷಾಪಿನ ಟರ್ನರ್ ಮುರುಗೇಶ ಲೇತ್ ನಿಲ್ಲಿಸಿ, ಕೈ ಒರೆಸಿಕೊಂಡು ನನ್ನೆದುರು ಬಂದು ನಿಂತ.

"ಯಜಮಾನ್ರೆ, ಹರಿಹರದ ದೊಡ್ಡ ಕಾರ್ಖಾನೇಲಿ ನನ್ನ ಟೆಸ್ಟ್ ಪಾಸಾಗೈತೆ. ಬಿಡುಗಡೆ ಚೀಟಿ ಬರ್ದುಕೊಡ್ರಿ."

"ಕೊಡಲ್ಲ ಹೋಗು," ಎಂದೆ.

ಎರಡೇ ಮಾತು. ಅಷ್ಟರಿಂದ ಒಬ್ಬ ಮನುಷ್ಯನ ದಾರಿ ಮುಚ್ಚಿಹೋಗುತ್ತದೆ ಎಂದರೆ ನಂಬುತ್ತೀರಾ?

ದಾವಣಗೆರೆ ವರ್ಕ್‌ಷಾಪುಗಳ ರಿವಾಜು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹೊರಗಿನಿಂದ ಬಂದ ಕೆಲಸಗಾರನಿಗೆ ಇಲ್ಲಿ ಒಬ್ಬ ಯಜಮಾನ ಜಾಮೀನು ನಿಲ್ಲಬೇಕು. ಆ ಜಾಮೀನಿದ್ದರೆ ಮಾತ್ರ ಬಾಡಿಗೆ ಕೋಣೆ. ಅವನು ಬೇರೆ ಕಡೆ ಹೋಗುವುದಾದರೆ ಹಳೆಯ ಯಜಮಾನ 'ನನ್ನ ತಕರಾರಿಲ್ಲ' ಎಂದು ಚೀಟಿ ಕೊಡಬೇಕು. ಚೀಟಿ ಇಲ್ಲದವನನ್ನು ಇಲ್ಲಾಗಲಿ, ಪಕ್ಕದ ಹರಿಹರದಲ್ಲಾಗಲಿ ಯಾರೂ ಸೇರಿಸಿಕೊಳ್ಳುವುದಿಲ್ಲ. ಇದು ಸರ್ಕಾರದ ಕಾನೂನಲ್ಲ. ಮಾಲೀಕರೆಲ್ಲ ಕೂತು ಟೀ ಕುಡಿಯುತ್ತಾ ಮಾಡಿಕೊಂಡದ್ದು. (ಆ ಟೀ ಕುಡಿದವರಲ್ಲಿ ನಾನೂ ಒಬ್ಬ.)

ಮುರುಗೇಶ ಕೊಯಮತ್ತೂರಿನವನು. ಮೂರು ವರ್ಷದ ಹಿಂದೆ ಟ್ರಂಕು ಹೊತ್ತು ಬಂದಾಗ ಜಾಮೀನು ನಿಂತವನು ನಾನೇ. ಹತ್ತಿ ಜಿನ್ನಿಂಗ್ ಯಂತ್ರದ ಶಾಫ್ಟನ್ನು ಅವನಷ್ಟು ನಯವಾಗಿ ಕಡೆಯುವವರು ಈ ಊರಲ್ಲಿಲ್ಲ. (ನನ್ನನ್ನು ಬಿಟ್ಟರೆ.) ಅಂಥವನನ್ನು ಯಾರು ಬಿಡುತ್ತಾರೆ, ಹೇಳಿ?

"ನಿನಗೆ ಕೋಣೆ ಕೊಡಿಸಿದ್ದು ಯಾರೋ? ನಾನು ಜಾಮೀನು ವಾಪಸ್ ತಗಂಡ್ರೆ ನಾಳೆ ನಿನ್ನ ಟ್ರಂಕು ಬೀದಿಗೆ ಬರ್ತೈತೆ, ಗೊತ್ತೈತಾ?"

ಅವನು ದನಿ ಏರಿಸಲಿಲ್ಲ. "ಗೊತ್ತೈತೆ ಯಜಮಾನ್ರೆ, ಮರೆಯಲ್ಲ. ಆದ್ರೆ ನಾನು ನಿಮ್ಮಲ್ಲಿ ಕೆಲಸಕ್ಕೆ ಬಂದೋನು. ದತ್ತು ಬಂದಿಲ್ಲ."

ಪಕ್ಕದಲ್ಲಿ ವೆಲ್ಡಿಂಗ್ ಮಾಡುತ್ತಿದ್ದ, ಇಲ್ಲೇ ಹತ್ತಿರದ ಲೋಕಿಕೆರೆಯ ಬಸಣ್ಣ ಕಿಸಕ್ಕನೆ ನಕ್ಕ.

"ಯಾಕಲೇ ನಗ್ತಿ?" ಗದರಿದೆ.

"ಏನಿಲ್ರಿ. ಹೋದ್ ವರ್ಷ ನಾನು ಬ್ಯಾರೆ ಕಡೆ ಹೋಗಿ ಎರಡು ತಿಂಗಳು ದುಡಿದು ಬಂದ್ನಲ್ಲ, ನನ್ನ ಯಾರೂ ಚೀಟಿ ಕೇಳ್ಲಿಲ್ಲ ನೋಡ್ರಿ. ಬರ್ತೀನ್ರಿ ಅಂದೆ, ಹೋದೆ."

ಅವನು ಹೇಳಿದ್ದು ನಿಜ. ಬಸಣ್ಣ ಇಲ್ಲಿಯವನು. ನಾನೂ ಇಲ್ಲಿಯವನೇ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಸುತ್ತಿಗೆ ಹಿಡಿದವನು, ಒಬ್ಬರಲ್ಲ, ಮೂವರು ಯಜಮಾನರನ್ನು ಬಿಟ್ಟು ಬಂದೇ ಯಜಮಾನನಾದೆ. ನನಗೂ ಚೀಟಿ ಬೇಕಾಗಿದ್ದು, ಮೊದಲನೆಯವರು ಕೊಡುವುದಿಲ್ಲ ಎಂದಿದ್ದರೆ? ಇವತ್ತಿಗೂ ಅವರ ಕುಲುಮೆಯಲ್ಲಿ ತಿದಿ ಒತ್ತುತ್ತಿದ್ದೆ.

ಚೀಟಿ ಬರೆದೆ. ಮಾರನೆಯ ದಿನ ಅವನ ಜೊತೆ ರೈಲು ಹತ್ತಿ ಹರಿಹರಕ್ಕೂ ಹೋದೆ. ಕಾರ್ಖಾನೆಯ ಗುಮಾಸ್ತರು ಚೀಟಿ ಓದಿ ಹುಬ್ಬೇರಿಸಿದರು.

"'ಕೆಲಸ ಬಲ್ಲವನು, ನಂಬಿಕಸ್ಥ' ಅಂತ ಐತೆ. 'ತಕರಾರಿಲ್ಲ' ಅಂತ ಬರ್ದೇ ಇಲ್ಲಲ್ರಿ?"

"ತಕರಾರು ಮಾಡಾಕೆ ನಾನ್ಯಾರ್ರೀ? ಟೆಸ್ಟಿನಾಗೆ ನಿಮ್ಮ ಮಿಷನ್ ಮೇಲೆ ಓಡಿದ್ದು ಅವನ ಕೈಯೋ, ನನ್ನ ಕೈಯೋ?"

"ಆಫೀಸಿನ ಪದ್ಧತಿ ಐತಲ್ರಿ..."

"ಹರಿಹರದೋರು ಸೇರಾಕೆ ಬಂದ್ರೂ ಇದನ್ನೇ ಕೇಳ್ತೀರೇನ್ರಿ?"

ಗುಮಾಸ್ತರು ನಗುತ್ತಾ ಚೀಟಿಯನ್ನು ಫೈಲಿಗೆ ಸೇರಿಸಿ, "ಕೂಡ್ರಪ್ಪ ಮುರುಗೇಶ, ಸಹಿ ಹಾಕು," ಎಂದರು.

ಕೋಣೆಯ ಜಾಮೀನು ಏನಾಯಿತು ಎನ್ನುತ್ತೀರಾ? ಹಾಗೇ ಇದೆ; ಅವನು ಇಲ್ಲಿಂದಲೇ ದಿನಾ ರೈಲಿನಲ್ಲಿ ಹೋಗಿ ಬರುತ್ತಾನೆ. ನಾನು ಜಾಮೀನು ನಿಂತದ್ದು ಅವನ ನಡತೆಗೆ. ಹರಿಹರದಲ್ಲಿ ದುಡಿದರೆ ನಡತೆ ಕೆಡುತ್ತದೆಯೇ?

ಮಾಲೀಕ ಗೆಳೆಯರು ಈಗ ನನ್ನ ಮೇಲೆ ಕೆಂಡವಾಗಿದ್ದಾರೆ. "ನಿನ್ನಿಂದ ನಮ್ಮ ಕೆಲಸಗಾರರೂ ಹೊರಟು ನಿಲ್ತಾರಲ್ಲೋ ಮಾರಾಯ!" ಎನ್ನುತ್ತಾರೆ. ಅವರಿಗೆ ನನ್ನದೊಂದೇ ಪ್ರಶ್ನೆ.

ಹೋಗುವ ದಾರಿ ಮುಚ್ಚಿ ಇಟ್ಟುಕೊಂಡವನನ್ನು 'ನಮ್ಮವನು' ಎಂದು ಯಾವ ಬಾಯಲ್ಲಿ ಹೇಳುತ್ತೀರಿ?