ಮಳೆಗೆ ಒಂದೂವರೆ ಪಟ್ಟು

ಮಳೆಯಲ್ಲಿ ಕೆಟ್ಟು ನಿಂತ ಕಾರನ್ನು ಎಳೆದು ತರಲು ಹೆಚ್ಚು ದುಡ್ಡು ಕೇಳಬಹುದೇ, ಕೇಳಬಾರದೇ? ಈಗ ಈ ಪ್ರಶ್ನೆಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅತ್ತಿಗೆಯ ಮಗಳು ನಡೆಸುವ ಟೋಯಿಂಗ್ ಆಫೀಸಿನಲ್ಲಿ ಮೋಡ ಕವಿದರೆ ಸಾಕು, ದರ ತಾನಾಗಿಯೇ ಏರುತ್ತದೆ. ಗಿರಾಕಿ ಮೊಬೈಲಿನ ಮೇಲೆ ಬೆರಳೊತ್ತಿ ಒಪ್ಪಿಕೊಳ್ಳುತ್ತಾನೆ, ಅಲ್ಲಿಗೆ ಮುಗಿಯಿತು. ಆದರೂ ಹೊಸದಾಗಿ ಸೇರಿದ ಡ್ರೈವರ್ ಯಾರಾದರೂ ಬಾಗಿಲ ಬಳಿ ಕೂತ ಮುದುಕಿಯನ್ನು ತಮಾಷೆಗೆ ಕೇಳುವುದುಂಟು.

"ಅತ್ತಿಗೆ, ಈ ಮಳೆ ರೇಟು ಮೊದ್ಲು ಹಾಕಿದ್ದೇ ನೀವಂತೆ, ಹೌದಾ?"

"ಹೌದಪ್ಪ. ಹಾಕಿದ್ದೂ ನಾನೇ, ಅಳಿಸಿದ್ದೂ ನಾನೇ," ಎನ್ನುತ್ತಾಳೆ ಅತ್ತಿಗೆ. ಅವಳು ಮುಂದೆ ಹೇಳುವುದಿಲ್ಲ, ಅವರು ಮುಂದೆ ಕೇಳುವುದಿಲ್ಲ. ಹಾಗಾಗಿ ಹೇಳುವ ಕೆಲಸ ನಮ್ಮ ಪಾಲಿಗೆ ಬಂದಿದೆ.

ಅತ್ತಿಗೆ ಎನ್ನುವುದು ಅವಳಿಗೆ ರಸ್ತೆ ಕೊಟ್ಟ ಹೆಸರು. ಅವಳ ಗಂಡ ಆ ದಾರಿಯ ಡ್ರೈವರುಗಳಿಗೆಲ್ಲ ಕೊಕ್ಕೆ ಅಣ್ಣ. ಅವನ ಕೈ ಹಿಡಿದ ತಪ್ಪಿಗೆ ಇವಳು ಎಲ್ಲರಿಗೂ ಅತ್ತಿಗೆ. ಅವಳ ತಂದೆಯ ವಯಸ್ಸಿನ, ಹಲ್ಲುದುರಿದ ಲಾರಿ ಮಾಲೀಕರು ಕೂಡ "ಅತ್ತಿಗೆ, ಅಣ್ಣ ಇದ್ದಾರಾ?" ಎಂದೇ ಫೋನು ಮಾಡುತ್ತಿದ್ದರು. ಬೆಟ್ಟದ ರಸ್ತೆ ಶುರುವಾಗುವಲ್ಲಿ ಅವರ ಶೆಡ್ಡು, ಶೆಡ್ಡಿಗೆ ಅಂಟಿಕೊಂಡು ಎರಡು ಕೋಣೆಯ ಮನೆ. ಮುಂದಿನ ಕೋಣೆಯ ಕಿಟಕಿಯ ಕಟ್ಟೆ ಮೇಲೆ ಫೋನು, ಪಕ್ಕದಲ್ಲಿ ಅವಳ ಕುರ್ಚಿ. ಬಾಗಿಲ ಚೌಕಟ್ಟಿನಲ್ಲಿ ಭುಜದೆತ್ತರಕ್ಕೆ ಗ್ರೀಸಿನ ಕೈಗುರುತು. ಎಷ್ಟು ಉಜ್ಜಿದರೂ ಹೋಗದೆ, ಕಡೆಗೆ ಅವಳೇ ಅದರ ಜೊತೆ ರಾಜಿಯಾಗಿದ್ದಳು. ಇದ್ದದ್ದು ಒಂದೇ ಗಾಡಿ. ಹಳೇ ಲಾರಿಯ ಬೆನ್ನಿಗೆ ಭಾರ ಎಳೆಯುವ ವಿಂಚು ಕೂರಿಸಿ, ಸರಪಳಿ ಕೊಕ್ಕೆ ಜೋಡಿಸಿ ಅಣ್ಣನೇ ಕಟ್ಟಿದ್ದು. ಅದು ಅವನ ಮೊದಲನೇ ಹೆಂಡತಿ ಎಂದು ಅತ್ತಿಗೆ ಹಂಗಿಸುತ್ತಿದ್ದಳು. "ಅದಾದ್ರೂ ಎದುರು ಮಾತಾಡಲ್ಲ," ಎನ್ನುತ್ತಿದ್ದ ಅವನು.

ಫೋನು ಎತ್ತುವುದು ಅವಳ ಕೆಲಸ, ಗಾಡಿ ಎಳೆಯುವುದು ಅವನ ಕೆಲಸ. ಮಳೆಗಾಲದಲ್ಲಿ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಆಗಿನ ದಿನಗಳನ್ನು ನೆನೆದರೆ ಅತ್ತಿಗೆಗೆ ಇವತ್ತಿಗೂ ಮನಸ್ಸು ಹಗುರಾಗುತ್ತದೆ. ಜನ ಎಂಥ ಜನ! ಕಾರು ಕೆಟ್ಟು ಬೆಟ್ಟದ ಮಧ್ಯೆ ನಿಂತಿದ್ದಾರೆ, ಹತ್ತಿರದ ಅಂಗಡಿಗೆ ನೆನೆದುಕೊಂಡು ಹೋಗಿ ಫೋನು ಮಾಡುತ್ತಿದ್ದಾರೆ, ಆದರೂ ಮೊದಲ ಮಾತು, "ಅತ್ತಿಗೆ, ಅವಸರ ಏನಿಲ್ಲ. ಮಳೆ ಸ್ವಲ್ಪ ಕಡಿಮೆ ಆಗ್ಲಿ, ಆಮೇಲೆ ಬರ್ಲಿ ಅಣ್ಣ." ಒಬ್ಬ ಮೇಷ್ಟ್ರು ಕಾರಿನಲ್ಲೇ ಕೂತು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತ ಕಾದಿದ್ದರು. "ನಿಮ್ಮ ಯಜಮಾನ್ರು ಇನ್ನೂ ತಡವಾಗಿ ಬಂದಿದ್ರೆ ಇನ್ನೊಂದು ಕ್ಲಾಸು ಮುಗೀತಿತ್ತು," ಎಂದು ದೂರಿದ್ದರು. ಹೊಸದಾಗಿ ಮದುವೆಯಾದ ಜೋಡಿಯೊಂದು, ಅಣ್ಣ ಹೋದಾಗ, "ಅಯ್ಯೋ, ಇಷ್ಟು ಬೇಗ ಬಂದ್ಬಿಟ್ರಾ?" ಎಂದಿತ್ತಂತೆ.

ಅಣ್ಣನೂ ಅವಸರದ ಆಸಾಮಿಯಲ್ಲ. ಫೋನು ಬಂದರೆ ಬಾಗಿಲಲ್ಲಿ ನಿಂತು, ಸೂರಿನಾಚೆ ಕೈಚಾಚಿ ಮಳೆ ನೋಡುತ್ತಿದ್ದ. ಜೋರಾಗಿದ್ದರೆ, "ಒಂದು ಟೀ ಕುಡಿದು ಹೋಗ್ತೀನಿ," ಎಂದು ಕೂರುತ್ತಿದ್ದ. ಮಳೆ ಎಷ್ಟು ಉದ್ದವೋ ಟೀ ಅಷ್ಟು ಉದ್ದ. ಗಂಡ ಹೆಂಡತಿ ಎದುರೆದುರು ಕೂತು, ಗಾಡಿಯ ಟೈರು, ಸೋರುವ ಸೂರು, ಮಗಳ ಕೆಮ್ಮು ಎಂದು ಊರಿನದೆಲ್ಲ ಮಾತಾಡುತ್ತಿದ್ದರು. ತಮ್ಮ ತಮ್ಮ ಮನಸ್ಸಿನದು ಮಾತ್ರ ಆಡುತ್ತಿರಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಆ ಮನೆಯಲ್ಲಿ ಬಂಗಾರ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು.

ಒಂದು ಮಳೆಗಾಲ ಅಣ್ಣ ಮಧ್ಯಾಹ್ನ ಹೋದವನು ಸಂಜೆ ಬಂದ. ಹಣೆಯಲ್ಲಿ ಗಾಯ, ಗಾಡಿಯ ಎಡಮಗ್ಗುಲು ಪೂರ್ತಿ ತರಚಿತ್ತು. ಕೇಳಿದರೆ, "ತಿರುವಲ್ಲಿ ಸ್ವಲ್ಪ ಜಾರ್ತು, ತಡೆಗೋಡೆ ಹಿಡ್ಕೊಳ್ತು," ಎಂದು ಮುಖ ತೊಳೆಯಲು ಹೋದ. ಹಿಡಿದುಕೊಳ್ಳದಿದ್ದರೆ? ಅತ್ತಿಗೆ ಆ ತಿರುವನ್ನು ಬಲ್ಲಳು. ತಡೆಗೋಡೆಯಾಚೆ ನೋಡಿದರೆ ಮರಗಳ ತಲೆಯಷ್ಟೇ ಕಾಣುತ್ತಿತ್ತು. ಅಂದಿನಿಂದ ಅವಳಿಗೆ ಬೇಕಾದ್ದು ಒಂದೇ: ಮಳೆ ಬರುವಾಗ ಇವನು ಬೆಟ್ಟ ಹತ್ತಬಾರದು.

ಹಾಗಂತ ಬಾಯಿಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ. ಹೆದರಿಕೆಯಾಗುತ್ತದೆ ಎಂದರೆ, ಹೆದರುವಂಥದ್ದೇನಿಲ್ಲ ಎಂದು ತೋರಿಸುವುದಕ್ಕೇ ಇನ್ನೆರಡು ಸಲ ಹೋಗಿ ಬರುವ ಗಂಡಸು ಎಂದು ಅವಳ ಲೆಕ್ಕ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಯೋಚಿಸಿ ಯೋಚಿಸಿ ಒಂದು ಉಪಾಯ ಹೂಡಿದಳು. ಬಣ್ಣದ ಡಬ್ಬಿ ತೆಗೆದು, ಶೆಡ್ಡಿನ ದರದ ಬೋರ್ಡಿನಲ್ಲಿ ತನ್ನ ಕೈಯಾರೆ ಒಂದು ಸಾಲು ಸೇರಿಸಿದಳು: ಮಳೆ, ಗಾಳಿ, ಮಂಜು ಇದ್ದರೆ ಒಂದೂವರೆ ಪಟ್ಟು. ದುಬಾರಿಯಾದರೆ ಜನ ತಾವಾಗಿಯೇ ಕಾಯುತ್ತಾರೆ, ಜನ ಕಾದರೆ ಇವನು ಮನೆಯಲ್ಲಿರುತ್ತಾನೆ. ಇಷ್ಟೇ ಅವಳ ಜಾಣತನ.

ಅಣ್ಣ ಬಂದು ಬೋರ್ಡು ಓದಿದ. ಇನ್ನೊಮ್ಮೆ ಓದಿದ. ಅವಳ ಮುಖ ನೋಡಿದ.

"ಅಕ್ಷರ ಚೆನ್ನಾಗಿ ಬಂದಿದೆ," ಎಂದ.

ಡ್ರೈವರುಗಳು ನಕ್ಕಿದ್ದೇ ನಕ್ಕಿದ್ದು. "ಅತ್ತಿಗೆ ಮೋಡಕ್ಕೂ ಮೀಟರ್ ಹಾಕ್ಬಿಟ್ರು!" ಎಂದರು. ಸೇತುವೆ ಪಕ್ಕದಲ್ಲಿ ಇನ್ನೊಂದು ಟೋಯಿಂಗ್ ಗಾಡಿ ಇಟ್ಟಿದ್ದವನು ಮೊದಲು ಆಡಿಕೊಂಡ, ಆಮೇಲೆ ತಾನೂ ಅದನ್ನೇ ಬರೆಸಿದ. ಇದರಲ್ಲಿ ಅನ್ಯಾಯವೇನೂ ಇರಲಿಲ್ಲ, ಅದನ್ನು ಒಪ್ಪಬೇಕು. ನಾವೆಲ್ಲ ಕಿಟಕಿ ಮುಚ್ಚಿ ಬೆಚ್ಚಗೆ ಕೂತಾಗ ಒಬ್ಬ ಮೈಯೆಲ್ಲ ನೆನೆಸಿಕೊಂಡು, ಕೆಸರಲ್ಲಿ ಮಲಗಿ ನಮ್ಮ ಕಾರಿಗೆ ಸರಪಳಿ ಬಿಗಿಯುತ್ತಾನೆಂದರೆ ನಾಲ್ಕು ಕಾಸು ಹೆಚ್ಚು ಕೊಡಲು ನಮಗೇನು ಧಾಡಿ? ಆದರೆ ಅತ್ತಿಗೆ ಆ ದರ ಹಾಕಿದ್ದು ಪಡೆಯುವುದಕ್ಕಲ್ಲ, ತಡೆಯುವುದಕ್ಕೆ. ಎಡವಟ್ಟಾದದ್ದು ಅಲ್ಲಿಯೇ.

ಮುಂದಿನ ಮಳೆ ಬಂತು. ಫೋನು ರಿಂಗಾಯಿತು. ಅತ್ತಿಗೆ ಬೇಕೆಂದೇ ಗಂಟಲು ಗಟ್ಟಿ ಮಾಡಿ, "ಈಗ ಬರ್ಬೇಕಂದ್ರೆ ಒಂದೂವರೆ ಪಟ್ಟು ಆಗತ್ತೆ," ಎಂದಳು. ಆ ಕಡೆಯವನು ಒಂದು ಗಳಿಗೆ ಯೋಚಿಸಿದ. "ಸರಿ, ಕೊಡೋಣ. ಎಷ್ಟೊತ್ತಿಗೆ ಬರ್ತಾರೆ?" ಎಂದ. ಅವಳು ತಬ್ಬಿಬ್ಬಾದಳು. ಅವನಿಗೆ ಏನೋ ಅರ್ಜೆಂಟು ಇದ್ದೀತು ಎಂದು ಸಮಾಧಾನ ಮಾಡಿಕೊಂಡಳು. ಆದರೆ ಆಮೇಲೆ ಬಂದವರೂ ಹಾಗೆಯೇ. ಅವಸರವಿಲ್ಲ ಎನ್ನುವ ಮಾತು ಫೋನಿನಿಂದ ಸದ್ದಿಲ್ಲದೆ ಮಾಯವಾಯಿತು. ಅದೇ ಜನ, ಅದೇ ದನಿಗಳು. ಮೊದಲು ಅವರಿಗೆ ಬರುವವನ ಮೇಲೆ ಕನಿಕರವಿತ್ತು. ಈಗ ಆ ಕನಿಕರಕ್ಕೆ ಬೆಲೆ ಕಟ್ಟಿ ಕೊಟ್ಟಾಗಿತ್ತು, ಇನ್ನೂ ಯಾಕೆ ಕನಿಕರಿಸಬೇಕು? ಉತ್ತರಪತ್ರಿಕೆ ತಿದ್ದುತ್ತ ಕಾದಿದ್ದ ಮೇಷ್ಟ್ರೇ ಒಂದು ದಿನ, "ಎಕ್ಸ್ಟ್ರಾ ಕೊಡ್ತಿದೀವಲ್ಲಮ್ಮ, ಇನ್ನೂ ಹೊರಟಿಲ್ಲ ಅಂದ್ರೆ ಹೇಗೆ?" ಎಂದು ರೇಗಿದರು. ಫೋನು ಇಟ್ಟ ಮೇಲೆ ಅತ್ತಿಗೆಗೆ ಅಳುವೇ ಬಂತು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು.

ಜನ ಬದಲಾದದ್ದು ಹಾಗಿರಲಿ. ಅಣ್ಣನಿಗೇನಾಗಿತ್ತು? ಮೊದಲು ಮಳೆ ಜೋರಾದರೆ ಕೂರುತ್ತಿದ್ದವನು ಈಗ ಫೋನಿನ ಸದ್ದಿಗೇ ಮೇಲೇಳುತ್ತಿದ್ದ. ಸೂರಿನಾಚೆ ಕೈಚಾಚುವುದಿಲ್ಲ, ಮಳೆ ನೋಡುವುದಿಲ್ಲ. ಅವಳು ಟೀ ತಂದಿಟ್ಟರೆ, "ಬಂದು ಕುಡೀತೀನಿ," ಎಂದು ರೇನ್‌ಕೋಟಿನ ಗುಂಡಿ ಹಾಕಿಕೊಳ್ಳುತ್ತಲೇ ಇಳಿದುಬಿಡುತ್ತಿದ್ದ. ಬಂದವನು ಒದ್ದೆ ಕೈಯಿಂದಲೇ ಮಳೆಯ ದುಡ್ಡನ್ನು ಬೇರೆ ತೆಗೆದು ಅವಳ ಅಂಗೈಯಲ್ಲಿಟ್ಟು, "ಇದು ನಿಂದು," ಎನ್ನುತ್ತಿದ್ದ. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ತನ್ನ ಉಪಾಯ ತಿಳಿದೇ ಇವನು ಅಣಕಿಸುತ್ತಿದ್ದಾನೆ, ಹಟಕ್ಕೆ ಬಿದ್ದಿದ್ದಾನೆ ಎಂದುಕೊಂಡಳು. ಇಲ್ಲವೇ ಈ ವಯಸ್ಸಿನಲ್ಲಿ ದುಡ್ಡಿನ ರುಚಿ ಹತ್ತಿತೇನೋ ಎಂದುಕೊಂಡಳು. ಬೋರ್ಡನ್ನು ಅಳಿಸಬೇಕೆಂದು ಎಷ್ಟೋ ಸಲ ಎದ್ದಳು. ಅಳಿಸಿದರೆ ಸೋತೆನೆಂದು ಒಪ್ಪಿಕೊಂಡಂತೆ. ಒಣ ಜಂಭ, ಇನ್ನೇನು?

ಹೀಗೆ ಮಳೆಗಾಲ ಕಳೆದು ಇನ್ನೊಂದು ಮಳೆಗಾಲ ಬಂತು. ಬೆಳಗಿನಿಂದ ಬಿಡದೆ ಸುರಿಯುತ್ತಿದ್ದ ಒಂದು ದಿನ, ಮೇಲಿನ ತಿರುವಿನಿಂದ ಫೋನು. ಕಾರು ರಸ್ತೆಯಂಚಿನ ಚರಂಡಿಗೆ ಇಳಿದಿದೆ, ಯಾರಿಗೂ ಏನೂ ಆಗಿಲ್ಲ, ಅಂಗಡಿಯಲ್ಲಿ ಬೆಚ್ಚಗೆ ಕೂತಿದ್ದೇವೆ ಎಂದ ಆ ಕಡೆಯವನು.

"ಸ್ವಲ್ಪ ಹೊತ್ತು ಕಾಯ್ತೀರಾ? ಮಳೆ ತುಂಬಾ ಜೋರಿದೆ," ಎಂದಳು ಅತ್ತಿಗೆ.

"ಅದಕ್ಕೇ ಅಲ್ವಾ ಮೇಡಂ ಜಾಸ್ತಿ ತಗೊಳ್ಳೋದು? ಈಗ್ಲೇ ಕಳಿಸಿ."

ಬೋರ್ಡಿನ ಮೇಲೆ ಅವಳೇ ಬರೆದದ್ದನ್ನು ಅವನು ಅವಳಿಗೇ ಓದಿ ಹೇಳಿದ್ದ. ಅಷ್ಟರಲ್ಲಿ ಅಣ್ಣ ಹೊರಟಾಗಿತ್ತು. ಗಾಡಿಯ ಹಿಂದಿನ ಕೆಂಪು ದೀಪ ಮಳೆಯಲ್ಲಿ ಮಸುಕಾಗುವವರೆಗೂ ಅವಳು ಕಿಟಕಿಯಲ್ಲಿ ನಿಂತಿದ್ದಳು.

ಮತ್ತೆ ಫೋನು ಬಂದಾಗ ಅದೇ ಗಿರಾಕಿ, ಆದರೆ ದನಿ ಗುರುತು ಸಿಗಲಿಲ್ಲ. "ಮೇಡಂ... ನಿಮ್ಮ ಗಾಡಿಯವರು... ಸರಪಳಿ ಹಾಕ್ತಾ ಇದ್ರು... ಮಣ್ಣು ಕುಸೀತು, ಕಾರು ಹಿಂದಕ್ಕೆ ಜಾರ್ತು. ಕಾಲು ಸಿಕ್ಕಾಕ್ಕೊಂಡಿದೆ. ಮಾತಾಡ್ತಿದಾರೆ, ಎಚ್ಚರ ಇದೆ." ಅತ್ತಿಗೆ ಸೇತುವೆ ಪಕ್ಕದವನಿಗೆ ಫೋನು ಮಾಡಿದಳು. ಅವನು ಊಟಕ್ಕೆ ಕೂತಿದ್ದವನು ಕೈ ತೊಳೆದು, ದರದ ಸೊಲ್ಲೆತ್ತದೆ ಹೊರಟ. ಕಾರನ್ನು ಎತ್ತಿ, ಅಣ್ಣನ ಕಾಲು ಬಿಡಿಸಿ, ಆಸ್ಪತ್ರೆಗೆ ಸೇರಿಸಿದವನು ಅವನೇ. ಅವನು ಬರುವವರೆಗೂ ಆ ಗಿರಾಕಿ ತಾನು ನೆನೆಯುತ್ತ ಅಣ್ಣನ ತಲೆಗೆ ಕೊಡೆ ಹಿಡಿದು ನಿಂತಿದ್ದನಂತೆ. ಕೆಟ್ಟ ಮನುಷ್ಯನೇನಲ್ಲ, ಪಾಪ.

ಆಸ್ಪತ್ರೆಯ ವಾರ್ಡಿನಲ್ಲಿ ಅಣ್ಣ ಮೊಣಕಾಲಿನಿಂದ ಕೆಳಗೆ ಬಿಳಿ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದ. ಕಾಲು ಉಳಿಯುತ್ತದೆ, ಆದರೆ ಮೊದಲಿನ ಹಾಗೆ ಮಡಚುವುದಿಲ್ಲ ಎಂದಿದ್ದರು ಡಾಕ್ಟರು. ಅತ್ತಿಗೆಯನ್ನು ನೋಡಿದವನೇ ಅವನು ಅಂಗಿಯ ಜೇಬಿಗೆ ಕೈಹಾಕಿದ. ಜೇಬಿನಲ್ಲಿ ಏನೂ ಇರಲಿಲ್ಲ.

"ಈ ಸಲ ಮಳೆ ದುಡ್ಡು ಇಸ್ಕೊಳ್ಳೋಕಾಗ್ಲಿಲ್ಲ ಕಣೇ," ಎಂದ.

ಅವಳ ತಾಳ್ಮೆಯ ಕಟ್ಟೆ ಒಡೆಯಿತು. "ಬೆಂಕಿ ಬಿತ್ತು ಆ ದುಡ್ಡಿಗೆ! ನಾನು ಕೇಳಿದ್ನಾ? ಯಾವತ್ತಾದ್ರೂ ಕೇಳಿದ್ನಾ?"

ಅಣ್ಣ ಕಣ್ಣು ಕಣ್ಣು ಬಿಟ್ಟ. "ಕೇಳ್ಲಿಲ್ಲ. ನೀನು ಯಾವತ್ತು ಬಾಯಿಬಿಟ್ಟು ಏನು ಕೇಳಿದೀಯಾ? ಬೋರ್ಡ್ ಮೇಲೆ ಬರೆದೆ. ಮಗಳ ಫೀಸಿಗೆ ಸಾಲ್ತಿಲ್ಲ, ಮನೆ ಖರ್ಚಿಗೆ ಕಷ್ಟ ಆಗ್ತಿದೆ, ನನ್ನ ಹತ್ರ ಹೇಳೋಕೆ ಸಂಕೋಚ ಅಂದ್ಕೊಂಡೆ. ಅದಕ್ಕೇ ಒಂದು ಮಳೇನೂ ಬಿಡ್ಲಿಲ್ಲ."

ಅತ್ತಿಗೆ ಮಂಚದ ಅಂಚು ಹಿಡಿದುಕೊಂಡು ಕೂತಳು. ಕುಡಿಯದೆ ಆರಿಹೋದ ಟೀಗಳೆಲ್ಲ ಒಟ್ಟಿಗೆ ನೆನಪಾದವು.

"ನಿಮ್ಮನ್ನ ಮನೇಲಿ ಕೂರಿಸೋಕೆ ಬರೆದಿದ್ದು ರೀ ಅದು. ಭಯ ಆಗ್ತಿತ್ತು ನಂಗೆ."

"ಭಯ ಅಂತ ಒಂದ್ಮಾತು ಹೇಳೋಕಾಗ್ಲಿಲ್ವಾ?"

"ಯಾಕೆ ಬರೆದೆ ಅಂತ ನೀವು ಒಂದ್ಮಾತು ಕೇಳೋಕಾಗ್ಲಿಲ್ವಾ?"

ಪಕ್ಕದ ಮಂಚದ ರೋಗಿ ಮರ್ಯಾದೆಗೆ ಗೋಡೆಯ ಕಡೆ ತಿರುಗಿ ಮಲಗಿದ. ಅತ್ತಿಗೆ ಅತ್ತಳು. ಅಣ್ಣ ಅವಳ ಬೆನ್ನ ಮೇಲೆ ಕೈಯಿಟ್ಟು, "ಬಿಡು, ಬಿಡು," ಎನ್ನುತ್ತ ತಾನೂ ಅತ್ತ.

ಹೀಗೆ ಅವಳು ಬಯಸಿದ್ದು ಅವಳಿಗೆ ಸಿಕ್ಕಿತು. ಕ್ಲಚ್ ಒತ್ತಲಾಗದ ಕಾಲಿನ ಅಣ್ಣ ಮಳೆ ಬಂದಾಗಲೆಲ್ಲ ಮನೆಯಲ್ಲಿರುತ್ತಿದ್ದ. ಅವಳು ಬೋರ್ಡಿನ ಮೇಲಿನ ಸಾಲನ್ನು ಅಳಿಸಿದಳು. ಜನ ತಾವಾಗಿ ಹೆಚ್ಚು ಕೊಟ್ಟರೆ ಅಣ್ಣನ ಬದಲು ಬಂದ ಡ್ರೈವರೇ ಇಟ್ಟುಕೊಳ್ಳಲಿ ಎಂದಳು. ಫೋನು ಬಂದರೆ ಈಗ ನೇರ ಮಾತು: "ನೀವು ಕೂತಿರೋ ಜಾಗ ಭದ್ರವಾಗಿದೆಯಾ? ಹಾಗಾದ್ರೆ ಸ್ವಲ್ಪ ಕಾಯ್ರಿ. ಬರೋನಿಗೂ ಮನೇಲಿ ಕಾಯೋರಿದಾರೆ." ಹತ್ತರಲ್ಲಿ ಒಬ್ಬ ಬೈಯುತ್ತಿದ್ದ. ಮಿಕ್ಕವರು, "ಅಯ್ಯೋ, ಆಗ್ಲಿ ಬಿಡಿ," ಎನ್ನುತ್ತಿದ್ದರು. ಇಷ್ಟು ಸುಲಭದ ಮಾತನ್ನು ಮೊದಲೇ ಆಡಿದ್ದರೆ ಎಂದು ಅವಳು ಇವತ್ತಿಗೂ ಕೊರಗುತ್ತಾಳೆ. ಅಣ್ಣ ಹೋಗಿ ವರ್ಷಗಳಾದವು, ಕೊರಗು ಹೋಗಿಲ್ಲ.

ಆದರೆ ಅವಳು ಹೆಚ್ಚಾಗಿ ನೆನೆಯುವುದು ಆಮೇಲಿನ ಮಳೆಗಳನ್ನೇ. ಗಾಡಿಗೆ ಹೊಸ ಡ್ರೈವರನ್ನು ಇಟ್ಟಿದ್ದರು, ಮದುವೆಯಾಗಿ ವರ್ಷವೂ ಆಗದವನು. ಕಾಯಲಾಗದ ಕರೆಗಳೂ ಇರುತ್ತವಲ್ಲ, ಆಗ ಅವನು ಮಳೆಯಲ್ಲೇ ಹೊರಡುತ್ತಿದ್ದ. ಅವನ ಬಾಡಿಗೆ ಕೋಣೆಯಲ್ಲಿ ಫೋನು ಇರಲಿಲ್ಲ. ಮೋಡ ಕಪ್ಪಾದರೆ ಅವನ ಹೆಂಡತಿ ಸೆರಗು ತಲೆಗೆ ಹೊದ್ದು ಶೆಡ್ಡಿಗೆ ಓಡಿ ಬರುತ್ತಿದ್ದಳು. ಮೊದಲ ಸಲ ಒಳಗೆ ಬರಲು ನಾಚಿ ಬಾಗಿಲಲ್ಲೇ ನಿಂತಳು. ಅಣ್ಣ ಕುಂಟುತ್ತ ಎದ್ದು ತನ್ನ ಕುರ್ಚಿಯನ್ನು ಅವಳಿಗೆ ಎಳೆದುಕೊಟ್ಟು, "ಕೂತ್ಕೋ ಮಗಳೇ, ಭಯ ಆದ್ರೆ ಆಗತ್ತೆ ಅಂತ ಹೇಳ್ಬಿಡು, ನಮ್ಮನೇಲಿ ನಡೆಯತ್ತೆ," ಎಂದ. ಆ ಹುಡುಗಿ ಹೇಳಿಯೇಬಿಟ್ಟಳು. ಅತ್ತಿಗೆಯೂ ಹೇಳಿದಳು. ಗಾಡಿಯ ಸದ್ದು ಕೇಳುವವರೆಗೆ ಮೂವರೂ ಕೂತು ಕಾದರು.