ಅಣ್ಣನ ಕಾಲಡಿಯ ಬಿಸಿ

ಅಣ್ಣನ ಕಾರಿಗೆ ಚಪ್ಪಲಿ ಹಾಕಿಕೊಂಡು ಹತ್ತುವಂತಿರಲಿಲ್ಲ. ಆಯುಧಪೂಜೆಯಲ್ಲಿ ಕುಂಕುಮ ಹಚ್ಚಿದ ಗಾಡಿಯನ್ನು ಚಪ್ಪಲಿ ಕಾಲಿನಿಂದ ತುಳಿಯಬಾರದು ಎಂಬುದು ಅವನ ಹಟ. ತೊಂಬತ್ತರ ದಶಕದ ಕೊನೆಯಲ್ಲಿ ಕೊಂಡ ಪೆಟ್ರೋಲ್ ಕಾರು ಅದು. ಆ ಮಾದರಿಯದು ಸೊರಬದಲ್ಲಿ ಈಗ ಇನ್ನೊಂದಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದಗಳು ಮರಗಟ್ಟಿದ ಮೇಲೆ ಅವನು ಓಡಿಸುವುದನ್ನು ಬಿಟ್ಟ. ಸ್ಟೇರಿಂಗ್ ನನ್ನ ಕೈಗೆ ಬಂತು. ಅವನು ಪಕ್ಕದ ಸೀಟಿನಲ್ಲಿ ಕುಳಿತು ನಾನು ಗೇರು ಬದಲಿಸುವ ರೀತಿಯಲ್ಲಿ ಕೊಂಕು ತೆಗೆಯತೊಡಗಿದ. ಅವನ ಕಾಲಿನ ಒಂದು ಕಿರುಬೆರಳನ್ನು ಆಗಲೇ ತೆಗೆದಿದ್ದರು. ಇನ್ನೊಂದು ಗಾಯವಾದರೆ ಪಾದವೇ ಹೋದೀತು ಎಂದು ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದು ಹೇಳಿದ್ದರು.

ಆ ದಿನ ಅವನ ರಕ್ತಪರೀಕ್ಷೆಗೆಂದು ಶಿಕಾರಿಪುರಕ್ಕೆ ಹೊರಟಿದ್ದೆವು. ಕೊಯ್ಲು ಮುಗಿದ ಕಾಲ. ರಸ್ತೆಯ ಮೇಲೆ ಅಲ್ಲಲ್ಲಿ ಹುರುಳಿ ಹರಡಿದ್ದರು. ನಮ್ಮ ಕಡೆ ಒಕ್ಕಣೆಯನ್ನು ಹೋಗಿ ಬರುವ ಬಸ್ಸು, ಲಾರಿ, ಕಾರುಗಳಿಂದಲೇ ಮಾಡಿಸಿಕೊಳ್ಳುತ್ತಾರೆ. ಶಿರಾಳಕೊಪ್ಪ ದಾಟುವಾಗ ಸುಟ್ಟ ವಾಸನೆ ಬಂತು. ಏರಿನಲ್ಲಿ ಕಾರು ಎಳೆಯುತ್ತಲೂ ಇರಲಿಲ್ಲ, ಮೈಯೆಲ್ಲ ನಡುಗುತ್ತಿತ್ತು.

“ನಿಲ್ಲಿಸ್ಲಾ ಅಣ್ಣ?” ಎಂದೆ.

“ಎಂತ ಇಲ್ಲ ಮಾರಾಯ್ತಿ. ಕಾರಿನಡಿಗೆ ಹುರುಳಿ ಬಳ್ಳಿ ಸಿಕ್ಕಿರ್ತದೆ. ವರ್ಷಾನೂ ಇದೇ ಗೋಳು.”

ನಾನು ನಿಲ್ಲಿಸಿ, ಬಗ್ಗಿ, ಕೋಲಿನಿಂದ ಬಳ್ಳಿ ಎಳೆದು ಹಾಕಿದೆ. ಮತ್ತೆ ಹೊರಟರೂ ವಾಸನೆ ಹೋಗಲಿಲ್ಲ. ಅಣ್ಣ ಕಾಲು ನೀಡಿಕೊಂಡು ಆರಾಮವಾಗಿ ಕುಳಿತಿದ್ದ. ಅವನಿಗಿಂತ ಆ ಕಾರನ್ನು ಬಲ್ಲವರು ಯಾರು ಎಂದುಕೊಂಡು ಓಡಿಸಿದೆ.

ಶಿಕಾರಿಪುರದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಕಾರಿನಡಿ ಹಣಕಿದವನೇ ತಲೆ ಹಿಂದಕ್ಕೆ ಎಳೆದುಕೊಂಡ. ಹೊಗೆಯ ವಿಷ ಕಡಿಮೆ ಮಾಡಲು ಸೈಲೆನ್ಸರ್ ಪೈಪಿನ ನಡುವೆ ಒಂದು ಡಬ್ಬಿ ಇರುತ್ತದೆ, ಕ್ಯಾಟಲಿಟಿಕ್ ಕನ್ವರ್ಟರ್. ಅದು ಕೆಂಪಗೆ ಕಾದಿತ್ತು.

“ಇದು ಹುರುಳಿ ವಾಸ್ನಿ ಅಲ್ರೀ ಅಕ್ಕಾರೆ,” ಎಂದ.

ಬಾನೆಟ್ ಎತ್ತಿ, ಇಂಜಿನ್ ಓಡುತ್ತಿರುವಾಗಲೇ ಪೆಟ್ರೋಲಿಗೆ ಕಿಡಿ ಕೊಡುವ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಎಳೆದು ನೋಡಿದ. ಒಂದು ಎಳೆದರೆ ಇಂಜಿನ್ ತಡವರಿಸುತ್ತಿತ್ತು, ಹಾಕಿದರೆ ಸರಿಹೋಗುತ್ತಿತ್ತು. ಮೂರನೆಯದನ್ನು ಎಳೆದಾಗ ಸದ್ದು ಕಿಂಚಿತ್ತೂ ಬದಲಾಗಲಿಲ್ಲ.

“ಇದು ಕೆಲ್ಸಾನೇ ಮಾಡ್ತಿಲ್ಲ ನೋಡ್ರೀ.”

“ಹಾಗಾದ್ರೆ ಅದಕ್ಕೆ ಹೋಗೋ ಪೆಟ್ರೋಲು?” ಎಂದೆ.

“ಇಲ್ಲಿ ಉರೀದೆ ಕೆಳಗ ಹೋಗಿ ಆ ಡಬ್ಬಿಯಾಗ ಉರೀತೈತ್ರಿ.” ಮತ್ತೆ ಬಗ್ಗಿ ನೋಡಿ ಕೇಳಿದ, “ಡಬ್ಬಿ ಮ್ಯಾಲಿನ ತಗಡು ಎಲ್ಲೈತ್ರಿ? ಬಿಸಿ ಮ್ಯಾಲೆ ಬರಬಾರ್ದು ಅಂತ ಇರ್ತೈತಲ್ಲ?”

“ಹುರುಳಿ ಸಿಕ್ಕಿ ಗಲಗಲ ಅಂತಿತ್ತು. ಹೋದ ವರ್ಷ ತೆಗೆಸಿಬಿಟ್ಟೆ,” ಎಂದ ಅಣ್ಣ, ಸೀಟಿನಿಂದ ಏಳದೆ.

ಮೆಕ್ಯಾನಿಕ್ ಅಣ್ಣನ ಬದಿಯ ಬಾಗಿಲು ತೆಗೆದು ಮ್ಯಾಟಿನ ಅಂಚು ಎತ್ತಿದವನು ಚುರುಕ್ಕೆಂದು ಕೈ ಬಿಟ್ಟ. ಮ್ಯಾಟಿನ ಕೆಳಭಾಗ ಕರಗಿ ಅಂಟಿಕೊಂಡಿತ್ತು. ಅದರ ಮೇಲೆ ಅಣ್ಣನ ಬರಿಗಾಲುಗಳಿದ್ದವು.

ನಾನು ಅವನ ಬಲಪಾದ ಎತ್ತಿ ನೋಡಿದೆ. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೂ ಬೊಬ್ಬೆ ಎದ್ದಿತ್ತು.

“ಏನಾಯ್ತೇ?” ಎಂದ. ತನ್ನ ಕಾಲು ಸುಟ್ಟಿದ್ದನ್ನು ಅವನು ನನ್ನ ಮುಖ ನೋಡಿ ತಿಳಿಯಬೇಕಾಯಿತು.

ಕಾರಿನ ಮೇಲೆ, ಅದರ ಮಡಿಯ ಮೇಲೆ, ರಸ್ತೆಯನ್ನೇ ಕಣ ಮಾಡಿಕೊಂಡವರ ಮೇಲೆ, ಕಂಡಕಂಡದ್ದರ ಮೇಲೆಲ್ಲ ನನಗೆ ಸಿಟ್ಟು ಬಂತು. ಆಟೋ ಕರೆದು ಅವನನ್ನು ಕೂರಿಸಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ಅವನನ್ನು ಮಲಗಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿದರು. ಪಾದವನ್ನು ಅಲ್ಲಲ್ಲಿ ಚುಚ್ಚಿ ನೋಡುವುದಾಗಿಯೂ, ನೋವಾದರೆ ಹೇಳಬೇಕೆಂದೂ ತಿಳಿಸಿದರು. ಸ್ವಲ್ಪವಾದರೂ ನೋವು ಗೊತ್ತಾದರೆ ಒಳ್ಳೆಯ ಲಕ್ಷಣ ಎಂದು ನನ್ನತ್ತ ತಿರುಗಿ ಅಂದರು. ಒಡಹುಟ್ಟಿದವನಿಗೆ ನೋವಾಗಲಿ ಎಂದು ದೇವರನ್ನು ಬೇಡಿಕೊಂಡೆ. ಅವನ ತಲೆಯ ಬಳಿ ನಿಂತು ಕೈ ಹಿಡಿದಿದ್ದೆ. ನನ್ನ ಹಿಡಿತ ಬಿಗಿಯಾದದ್ದು ಅವನಿಗೆ ತಿಳಿದಿರಬೇಕು.

“ಹಾಂ, ಉರೀತದೆ,” ಎಂದ ಅಣ್ಣ ಕಣ್ಣು ಮುಚ್ಚಿಕೊಂಡೇ. “ಜೋರಾಗೇ ಉರೀತದೆ.”

ಡಾಕ್ಟರು ಇನ್ನೂ ಗ್ಲೌಸು ಹಾಕಿಕೊಳ್ಳುತ್ತಿದ್ದರು.